ಎರಡು ಕರ್ಣಗಳ ನಡುವೆ ಸಿಕ್ಕಿಬಿದ್ದ ರಾಜ: ಚದುರಂಗ ಪ್ರಶ್ನೋತ್ತರ

ಪ್ರಶ್ನೆ: 2013ರಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಪಂದ್ಯಾವಳಿಯಲ್ಲಿ ವಿಶ್ವನಾಥನ್ ಆನಂದ್ ಅವರು ಲೆವೊನ್ ಅರೋನಿಯನ್ ಅವರನ್ನು ಕಪ್ಪು ಕಾಯಿಗಳಿಂದ 23 ನಡೆಗಳಲ್ಲಿ ಸೋಲಿಸಿದ ಆಟವನ್ನು ಮಣೆಯ ಮೇಲೆ ಎರಡು ಸಲ ಆಡಿ ನೋಡಿದೆ. ಆನಂದ್ ಒಂದು ಕಾಲಾಳನ್ನೂ ಒಂದು ಆನೆಯನ್ನೂ ಬಿಟ್ಟುಕೊಟ್ಟರು, ಆಮೇಲೆ ಎದುರಾಳಿ ಸೋಲೊಪ್ಪಿಕೊಂಡರು ಎಂಬುದಷ್ಟೇ ನನಗೆ ಕಂಡಿತು. ಬಿಳಿ ನಿಜವಾಗಿ ತಪ್ಪಿದ್ದು ಎಲ್ಲಿ? (ಹಾಸನ)

ಉತ್ತರ: ನೀವು ಆರಿಸಿಕೊಂಡಿರುವ ಆಟ ಈ ಶತಮಾನದಲ್ಲಿ ಆಡಿದ ಅತ್ಯುತ್ತಮ ದಾಳಿಯ ಆಟಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. ಅದು ನಡೆದದ್ದು ಆ ವರ್ಷದ ಜನವರಿ 15ರಂದು, ಟಾಟಾ ಸ್ಟೀಲ್ ಪಂದ್ಯಾವಳಿಯ ನಾಲ್ಕನೆಯ ಸುತ್ತಿನಲ್ಲಿ. ಆಗ ಆನಂದ್ ವಿಶ್ವ ಚಾಂಪಿಯನ್ ಆಗಿದ್ದರು. ಅರ್ಮೇನಿಯಾ ಪರ ಆಡುತ್ತಿದ್ದ ಅರೋನಿಯನ್ ಅವರ ರೇಟಿಂಗ್ (ಆಟದ ಬಲವನ್ನು ಅಳೆಯುವ ಅಂಕ) 2800ನ್ನು ದಾಟಿತ್ತು. ಮಣೆಯಿಲ್ಲದೆ ಓದುತ್ತಿರುವವರಿಗೂ ಅನುಕೂಲವಾಗಲೆಂದು ಮೊದಲು ನಡೆಗಳನ್ನು ಪೂರ್ತಿಯಾಗಿ ಕೊಡುತ್ತೇನೆ. ಇಲ್ಲಿ ಆನೆ ಎಂದರೆ ಮಣೆಯ ಮೂಲೆಯಲ್ಲಿ ನಿಂತು ನೇರವಾಗಿ ಚಲಿಸುವ ಕಾಯಿ, ಒಂಟೆ ಎಂದರೆ ಓರೆಯಾಗಿ ಚಲಿಸುವ ಕಾಯಿ. ಹಿರಿಯರು ಮಂತ್ರಿ ಎಂದು ಕರೆಯುತ್ತಿದ್ದ ಕಾಯಿಯನ್ನು ಈಗಿನ ರೂಢಿಯಂತೆ ರಾಣಿ ಎಂದಿದ್ದೇನೆ. ಬಿಳಿಯ ಕಡೆಯಿಂದ ನೋಡಿದರೆ ಎಡಗಡೆಯ ಮೊದಲ ಸಾಲು ಎ, ಬಲಗಡೆಯ ಕೊನೆಯ ಸಾಲು ಎಚ್; ಅಡ್ಡಸಾಲುಗಳನ್ನು ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಎಣಿಸಿದೆ. ಕಾಯಿಯ ಹೆಸರಿಲ್ಲದ ನಡೆ ಕಾಲಾಳಿನದು, × ಎಂದರೆ ಹೊಡೆಯುವುದು, ಬಿಡಿ7 ಎಂದರೆ ಬಿ ಸಾಲಿನಿಂದ ಡಿ7ಕ್ಕೆ. ಕ್ಯಾಸಲಿಂಗ್ ಎಂದರೆ ರಾಜ ಮತ್ತು ಆನೆಯನ್ನು ಒಟ್ಟಿಗೆ ಸರಿಸಿ ರಾಜನನ್ನು ಭದ್ರಪಡಿಸುವ ನಡೆ, ಚೆಕ್ ಎಂದರೆ ರಾಜನ ಮೇಲಿನ ನೇರ ಬೆದರಿಕೆ, ಮೇಟ್ ಎಂದರೆ ತಪ್ಪಿಸಿಕೊಳ್ಳಲಾಗದ ಚೆಕ್.

1. ಡಿ4 ಡಿ5 2. ಸಿ4 ಸಿ6 3. ಕುದುರೆ ಎಫ್3 ಕುದುರೆ ಎಫ್6 4. ಕುದುರೆ ಸಿ3 ಇ6 5. ಇ3 ಕುದುರೆ ಬಿಡಿ7 6. ಒಂಟೆ ಡಿ3 ಡಿ×ಸಿ4 7. ಒಂಟೆ×ಸಿ4 ಬಿ5 8. ಒಂಟೆ ಡಿ3 ಒಂಟೆ ಡಿ6 9. ಕ್ಯಾಸಲಿಂಗ್ ಕ್ಯಾಸಲಿಂಗ್ 10. ರಾಣಿ ಸಿ2 ಒಂಟೆ ಬಿ7 11. ಎ3 ಆನೆ ಸಿ8 12. ಕುದುರೆ ಜಿ5 ಸಿ5 13. ಕುದುರೆ×ಎಚ್7 ಕುದುರೆ ಜಿ4 14. ಎಫ್4 ಸಿ×ಡಿ4 15. ಇ×ಡಿ4 ಒಂಟೆ ಸಿ5 16. ಒಂಟೆ ಇ2 ಕುದುರೆ ಡಿಇ5 17. ಒಂಟೆ×ಜಿ4 ಒಂಟೆ×ಡಿ4 ಚೆಕ್ 18. ರಾಜ ಎಚ್1 ಕುದುರೆ×ಜಿ4 19. ಕುದುರೆ×ಎಫ್8 ಎಫ್5 20. ಕುದುರೆ ಜಿ6 ರಾಣಿ ಎಫ್6 21. ಎಚ್3 ರಾಣಿ×ಜಿ6 22. ರಾಣಿ ಇ2 ರಾಣಿ ಎಚ್5 23. ರಾಣಿ ಡಿ3 ಒಂಟೆ ಇ3. ಬಿಳಿ ಸೋಲೊಪ್ಪಿತು.

ತ್ಯಾಗಗಳನ್ನು ಎಣಿಸುತ್ತ ಹೋದರೆ ಈ ಆಟ ಅರ್ಥವಾಗುವುದಿಲ್ಲ. ಕಪ್ಪಿನ ಎರಡು ಒಂಟೆಗಳ ದಾರಿ ಯಾವಾಗ ಯಾರಿಂದ ತೆರೆಯಿತು ಎಂಬುದನ್ನು ಗಮನಿಸುತ್ತ ಹೋಗಬೇಕು. ಹನ್ನೊಂದನೆಯ ನಡೆಯ ಹೊತ್ತಿಗೆ ಬಿ7ರಲ್ಲಿರುವ ಒಂಟೆಯ ಮುಂದೆ ಸಿ6ರಲ್ಲಿ ಅದರದೇ ಕಾಲಾಳು ಗೋಡೆಯಂತೆ ನಿಂತಿದೆ. ಡಿ6ರ ಒಂಟೆಯ ಮುಂದೆ ಎಚ್2ರವರೆಗೆ ದಾರಿ ತೆರೆದಿದ್ದರೂ ಅಲ್ಲಿ ಅದಕ್ಕೆ ಜೊತೆಯಾಗುವ ಇನ್ನೊಂದು ಕಾಯಿ ಇಲ್ಲ. ಬಿಳಿಯ ಕಡೆ ರಾಣಿ ಸಿ2ರಲ್ಲೂ ಒಂಟೆ ಡಿ3ರಲ್ಲೂ ಒಂದೇ ಕರ್ಣದಲ್ಲಿ ನಿಂತು ಎಚ್7ರ ಕಾಲಾಳಿನ ಮೇಲೆ ಕಣ್ಣಿಟ್ಟಿವೆ. ಹನ್ನೆರಡನೆಯ ನಡೆಯಲ್ಲಿ ಕುದುರೆ ಜಿ5ಕ್ಕೆ ಬಂದು ಅದೇ ಕಾಲಾಳನ್ನು ಮೂರನೆಯ ಕಾಯಿಯಾಗಿ ಬೆದರಿಸುತ್ತದೆ. ಇಂಥ ಸಂದರ್ಭದಲ್ಲಿ ನಮ್ಮಲ್ಲಿ ಹೆಚ್ಚಿನವರ ಕೈ ಜಿ6 ಅಥವಾ ಎಚ್6 ಕಡೆಗೆ ತಾನಾಗಿಯೇ ಹೋಗುತ್ತದೆ. ಆನಂದ್ ಎಚ್7ನ್ನು ಹಾಗೆಯೇ ಬಿಟ್ಟು ಸಿ5 ಆಡಿದರು. ಆ ಒಂದು ನಡೆಯಿಂದ ಬಿ7ರ ಒಂಟೆಗೆ ಬಿಳಿ ರಾಜನ ಮನೆಯ ಬಾಗಿಲಾದ ಜಿ2ರವರೆಗೆ ದಾರಿ ಸಿಕ್ಕಿತು, ಸಿ8ರ ಆನೆ ಬಿಳಿ ರಾಣಿ ನಿಂತಿರುವ ಸಾಲಿನ ಮೇಲೆ ಬಲ ಪಡೆಯಿತು, ನಡುಮಣೆಯಲ್ಲಿ ಡಿ4ರ ಕಾಲಾಳಿಗೆ ಪೆಟ್ಟು ಬಿತ್ತು. ಇಷ್ಟೆಲ್ಲ ಲಾಭಕ್ಕೆ ಪ್ರತಿಯಾಗಿ ತೆತ್ತದ್ದು ಒಂದು ಕಾಲಾಳು ಮಾತ್ರ.

ಬಿಳಿ ಕುದುರೆ ಎಚ್7ರ ಕಾಲಾಳನ್ನು ಹೊಡೆದು ಎಫ್8ರ ಆನೆಯನ್ನು ಬೆದರಿಸಿದಾಗಲೂ ಆನಂದ್ ಆ ಕುದುರೆಯನ್ನು ಹೊಡೆಯಲಿಲ್ಲ. ತಮ್ಮ ಕುದುರೆಯನ್ನು ಜಿ4ಕ್ಕೆ ಕಳಿಸಿದರು. ಈಗ ಬಿಳಿ ಆತುರದಿಂದ ಆನೆಯನ್ನು ಹೊಡೆದರೆ ಕಪ್ಪು ಒಂಟೆ ಎಚ್2ನ್ನು ಹೊಡೆದು ಚೆಕ್ ಕೊಡುತ್ತದೆ, ರಾಜ ಎಚ್1ಕ್ಕೆ ಸರಿದರೆ ಕಪ್ಪು ರಾಣಿ ಎಚ್4ಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಬಿಳಿ ರಾಜನಿಗೆ ಉಳಿಗಾಲವಿಲ್ಲ. ಆದ್ದರಿಂದ ಅರೋನಿಯನ್ ಎಫ್4 ಆಡಿ ಡಿ6ರಿಂದ ಎಚ್2ರ ಕಡೆಗೆ ಹೋಗುವ ಕರ್ಣವನ್ನು ಮುಚ್ಚಿದರು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆ ಎಂದು ನಾನು ತಿಳಿಯುತ್ತೇನೆ. ಒಂದು ಕರ್ಣವನ್ನು ಮುಚ್ಚಲು ಎಫ್ ಸಾಲಿನ ಕಾಲಾಳು ಮುಂದೆ ಹೋದಾಗ ಅದರ ಹಿಂದೆ ಎಫ್2 ಖಾಲಿಯಾಯಿತು. ಮುಂದಿನ ನಡೆಯಲ್ಲಿ ಡಿ4ರ ಅದಲುಬದಲು ಮುಗಿದಾಗ ಇ3 ಕೂಡ ಖಾಲಿಯಾಯಿತು. ಅಂದರೆ ಎ7ರಿಂದ ಜಿ1ರವರೆಗಿನ ಇನ್ನೊಂದು ಕರ್ಣದಲ್ಲಿ ರಾಜನಿಗೆ ಅಡ್ಡವಾಗಿ ಉಳಿದದ್ದು ಡಿ4ರ ಒಂದೇ ಕಾಲಾಳು. ಹದಿನೈದನೆಯ ನಡೆಯಲ್ಲಿ ಆನಂದ್ ಅವರ ಒಂಟೆ ಮುಚ್ಚಿದ ದಾರಿಯನ್ನು ಬಿಟ್ಟು ಆ ಹೊಸ ದಾರಿಗೆ, ಸಿ5ಕ್ಕೆ, ಬಂದಿತು. ಅದನ್ನು ಡಿ4ರ ಕಾಲಾಳು ಹೊಡೆಯಬಹುದು. ಹಾಗೆ ಹೊಡೆದರೆ ಡಿ7ರ ಕುದುರೆ ಸಿ5ಕ್ಕೆ ನೆಗೆದು ಡಿ3ರ ಒಂಟೆಯನ್ನು ಬೆದರಿಸುತ್ತದೆ, ಡಿ ಸಾಲು ಬರಿದಾಗಿ ಕಪ್ಪು ರಾಣಿಗೆ ಡಿ4 ಸಿಗುತ್ತದೆ, ಎಫ್8ರ ಆನೆಯ ನಷ್ಟವನ್ನು ಲೆಕ್ಕಿಸದಷ್ಟು ಬಲವಾದ ದಾಳಿ ಕಪ್ಪಿನ ಕೈಗೆ ಬರುತ್ತದೆ.

ಈಗ ಹದಿನಾರನೆಯ ನಡೆಯನ್ನು ನೋಡಿ. ಅರೋನಿಯನ್ ಡಿ3ರ ಒಂಟೆಯನ್ನು ಇ2ಕ್ಕೆ ಇಳಿಸಿ ಜಿ4ರ ಕುದುರೆಯನ್ನು ಬೆದರಿಸಿದರು. ನೋಟಕ್ಕೆ ಇದು ಸಹಜವಾದ ನಡೆ, ದಾಳಿ ಮಾಡುವ ಕಾಯಿಯನ್ನು ಓಡಿಸುವ ಪ್ರಯತ್ನ. ಆದರೆ ಇ2ರಲ್ಲಿ ನಿಂತ ಒಂಟೆ ತನ್ನದೇ ರಾಣಿಗೆ ಅಡ್ಡವಾಯಿತು: ಅದುವರೆಗೆ ಸಿ2ರ ರಾಣಿ ಎರಡನೆಯ ಅಡ್ಡಸಾಲಿನ ಉದ್ದಕ್ಕೂ ನೋಡುತ್ತ ಎಫ್2ನ್ನು ಕಾಯುತ್ತಿತ್ತು, ಆ ಕಾವಲು ಒಂದೇ ಏಟಿಗೆ ತಪ್ಪಿತು. ಈ ಆಟದಲ್ಲಿ ಬಿಳಿಯ ಸೋಲನ್ನು ಒಂದೇ ನಡೆಯ ಮೇಲೆ ಹೊರಿಸಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ. ಆನಂದ್ ಉತ್ತರವಾಗಿ ಡಿ7ರ ಕುದುರೆಯನ್ನು ಇ5ಕ್ಕೆ ತಂದರು. ಕಾಲಾಳು ಹೊಡೆಯಬಹುದಾದ ಮನೆಗೆ ಕುದುರೆ ತಾನಾಗಿ ಹೋಗಿ ನಿಂತಿತು. ಬಿಳಿ 17. ಎಫ್×ಇ5 ಎಂದು ಹೊಡೆದಿದ್ದರೆ ಕಪ್ಪು ರಾಣಿ ಡಿ4ರ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತಿತ್ತು. ರಾಜ ಎಚ್1ಕ್ಕೆ ಹೋದರೆ ರಾಣಿ ಜಿ1ಕ್ಕೆ ಬಂದು ಮತ್ತೆ ಚೆಕ್. ಸಿ5ರ ಒಂಟೆಯ ಬೆಂಬಲವಿರುವುದರಿಂದ ರಾಜ ರಾಣಿಯನ್ನು ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಆನೆ ಜಿ1ಕ್ಕೆ ಸರಿದ ಕೂಡಲೇ ಕುದುರೆ ಎಫ್2ಕ್ಕೆ ನೆಗೆದು ಮೇಟ್. ತನ್ನದೇ ಆನೆ ಮತ್ತು ಕಾಲಾಳುಗಳ ನಡುವೆ ರಾಜ ಉಸಿರುಗಟ್ಟಿ ಬೀಳುವ ಈ ಮೇಟ್ ಬಹಳ ಹಳೆಯದು, ಎಲ್ಲ ಆಟಗಾರರಿಗೂ ಗೊತ್ತಿರುವುದು. ಆದರೆ ಇ2ರಲ್ಲಿ ಒಂಟೆ ಇಲ್ಲದಿದ್ದರೆ ಸಿ2ರ ರಾಣಿ ಎಫ್2ರ ಕುದುರೆಯನ್ನು ಹೊಡೆದು ರಾಜನನ್ನು ಉಳಿಸುತ್ತಿತ್ತು ಎಂಬುದನ್ನು ಮಣೆಯ ಮೇಲೆ ನೀವೇ ಆಡಿ ನೋಡಿ. ಹದಿನಾರನೆಯ ನಡೆಯ ಬೆಲೆ ಆಗ ತಿಳಿಯುತ್ತದೆ.

ಅರೋನಿಯನ್ ಈ ಮೇಟನ್ನು ಕಂಡರು, ಜಿ4ರ ಕುದುರೆಯನ್ನು ಹೊಡೆದರು. ಕಪ್ಪು ಒಂಟೆ ಡಿ4ರ ಕಾಲಾಳನ್ನು ಚೆಕ್‌ನೊಂದಿಗೆ ಹೊಡೆಯಿತು, ಇ5ರ ಕುದುರೆ ಜಿ4ಕ್ಕೆ ಬಂದು ಸತ್ತ ಜೊತೆಗಾರನ ಜಾಗವನ್ನು ತುಂಬಿತು. ಈ ಹೊತ್ತಿಗೆ ಕಪ್ಪಿನ ಎರಡು ಒಂಟೆಗಳೂ ನಡುವೆ ಒಂದೂ ತಡೆಯಿಲ್ಲದೆ ಬಿಳಿ ರಾಜನ ಸುತ್ತಲಿನ ಮನೆಗಳ ಮೇಲೆ ಬೀಳುತ್ತಿವೆ: ಒಂದು ಜಿ1ರ ಮೇಲೆ, ಇನ್ನೊಂದು ಜಿ2ರ ಮೇಲೆ. ಇನ್ನು ಬಿಳಿ ಏನನ್ನು ಹೊಡೆದರೂ ಈ ಎರಡು ಗೆರೆಗಳು ಅಳಿಸಿಹೋಗುವುದಿಲ್ಲ.

ಪ್ರಶ್ನೆ: ಹತ್ತೊಂಬತ್ತನೆಯ ನಡೆಯಲ್ಲಿ ಬಿಳಿ ಕುದುರೆ ಆನೆಯನ್ನು ಹೊಡೆದಾಗ ಆನಂದ್ ರಾಣಿಯನ್ನು ನೇರವಾಗಿ ಎಚ್4ಕ್ಕೆ ತರದೆ ಎಫ್5 ಎಂಬ ನಿಧಾನದ ನಡೆಯನ್ನು ಆಡಿದ್ದೇಕೆ? (ಶಿವಮೊಗ್ಗ)

ಉತ್ತರ: ಅದು ನಿಧಾನದ ನಡೆಯಂತೆ ಕಾಣುವುದು ಸಹಜ. ಎಫ್8ಕ್ಕೆ ಬಂದ ಬಿಳಿ ಕುದುರೆ ಎಚ್7ಕ್ಕೆ ಬೆಂಬಲವಾಗಿದೆ, ಸಿ2ರ ರಾಣಿಗೆ ಎಚ್7ರವರೆಗೆ ಕರ್ಣ ತೆರೆದಿದೆ. ಆದ್ದರಿಂದ ಬಿಳಿ ಮುಂದಿನ ನಡೆಯಲ್ಲಿ ರಾಣಿಯನ್ನು ಎಚ್7ಕ್ಕೆ ತಂದು ಮೇಟ್ ಮಾಡುವ ಬೆದರಿಕೆ ಹಾಕಿದೆ. ಕಪ್ಪು ರಾಣಿ ತಕ್ಷಣ ಎಚ್4ಕ್ಕೆ ಬಂದರೆ ಬಿಳಿ ರಾಣಿ ಎಚ್7ರಲ್ಲಿ ಚೆಕ್ ಕೊಡುತ್ತದೆ, ರಾಣಿಗಳ ಅದಲುಬದಲು ಅನಿವಾರ್ಯವಾಗುತ್ತದೆ, ಆನೆ ಗಳಿಸಿದ ಬಿಳಿ ನೆಮ್ಮದಿಯಿಂದ ಕುಳಿತುಕೊಳ್ಳುತ್ತದೆ. ಎಫ್5 ಆ ಕರ್ಣವನ್ನು ಕತ್ತರಿಸುತ್ತದೆ, ಜಿ4ರ ಕುದುರೆಗೆ ಆಸರೆಯಾಗುತ್ತದೆ, ಎಚ್4ರ ಬೆದರಿಕೆಯನ್ನು ಹಾಗೆಯೇ ಉಳಿಸುತ್ತದೆ. ಒಂದು ಆನೆಯಷ್ಟು ಹಿಂದೆ ಇರುವವರು ರಕ್ಷಣೆಗಾಗಿ ಕಾಲಾಳನ್ನು ಸರಿಸಲು ಸಮಯ ಮಾಡಿಕೊಳ್ಳಬೇಕಾದರೆ ತಮ್ಮ ದಾಳಿ ಆರಿಹೋಗದು ಎಂಬ ಖಚಿತ ಲೆಕ್ಕ ಇರಬೇಕು. ನನಗೆ ಇಡೀ ಆಟದಲ್ಲಿ ಅತ್ಯಂತ ಮೆಚ್ಚುಗೆಯಾದ ನಡೆ ಇದೇ, ಕೊನೆಯ ನಡೆಗಿಂತಲೂ.

ಬಿಳಿಗೆ ಇಪ್ಪತ್ತನೆಯ ನಡೆಯಲ್ಲಿ ಇ6ರ ಕಾಲಾಳನ್ನು ಹೊಡೆದು ಡಿ4ರ ಒಂಟೆಯನ್ನು ಬೆದರಿಸುವ ಆಸೆ ಆಗಬಹುದು. ಆಗ ರಾಣಿ ಎಚ್4ಕ್ಕೆ ಬರುತ್ತದೆ. ಜಿ2ರ ಕಾಲಾಳು ಬಿ7ರ ಒಂಟೆಯಿಂದ ಕಟ್ಟುಬಿದ್ದಿರುವುದರಿಂದ (ಕದಲಿದರೆ ಹಿಂದಿರುವ ರಾಜ ಆ ಒಂಟೆಗೆ ಸಿಕ್ಕುತ್ತಾನೆ) ಎಚ್3 ಒಂದೇ ಉತ್ತರ. ರಾಣಿ ಜಿ3ಕ್ಕೆ ಇಳಿಯುತ್ತದೆ. ಬಿಳಿ ಎಚ್×ಜಿ4 ಎಂದು ಕುದುರೆಯನ್ನು ಹೊಡೆದರೆ ರಾಣಿ ಎಚ್4ಕ್ಕೆ ಮರಳಿ ಮೇಟ್, ಕುದುರೆಯಿಂದ ಡಿ4ರ ಒಂಟೆಯನ್ನು ಹೊಡೆದರೆ ರಾಣಿ ಎಚ್2ರಲ್ಲಿ ಮೇಟ್. ಆದ್ದರಿಂದಲೇ ಅರೋನಿಯನ್ ಎಚ್4ನ್ನು ಕಾಯಲು ಕುದುರೆಯನ್ನು ಜಿ6ಕ್ಕೆ ತಂದರು. ಆನಂದ್ ರಾಣಿಯನ್ನು ಎಫ್6ಕ್ಕೆ ಇಟ್ಟು ಆ ಕುದುರೆಯನ್ನು ಬೆದರಿಸಿ ಮುಂದಿನ ನಡೆಯಲ್ಲಿ ಹೊಡೆದರು. ಇಲ್ಲಿ ಒಮ್ಮೆ ನಿಂತು ಕಾಯಿಗಳನ್ನು ಎಣಿಸಿ. ಕಪ್ಪು ಒಂದು ಆನೆಗೆ ಬದಲಾಗಿ ಒಂದು ಒಂಟೆಯನ್ನು ಹೊಂದಿದೆ, ಕಾಲಾಳುಗಳು ಎರಡೂ ಕಡೆ ಐದೈದು. ಭಾರಿ ತ್ಯಾಗವೆಂದು ಕಂಡದ್ದು ಕೊನೆಗೆ ಉಳಿದದ್ದು ಇಷ್ಟು ಸಣ್ಣ ಅಂತರವಾಗಿ. ಬಿಳಿಯ ಎ1ರ ಆನೆಯೂ ಸಿ1ರ ಒಂಟೆಯೂ ಆಟ ಮುಗಿಯುವವರೆಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ ಎಂಬುದನ್ನು ಸೇರಿಸಿದರೆ ರಾಜನ ಸುತ್ತ ಹೋರಾಡುತ್ತಿರುವ ಕಾಯಿಗಳಲ್ಲಿ ಕಪ್ಪಿನದೇ ಮೇಲುಗೈ.

ಪ್ರಶ್ನೆ: ಈ ಆಟದ ನಡೆಗಳನ್ನು ಆನಂದ್ ಮೊದಲೇ ಮನೆಯಲ್ಲಿ ಸಿದ್ಧಪಡಿಸಿಕೊಂಡಿದ್ದರಂತೆ. ಹಾಗಿದ್ದರೆ ಇದನ್ನು ಆಟಗಾರನ ಪ್ರತಿಭೆ ಎನ್ನಬಹುದೇ? (ಬೆಳಗಾವಿ)

ಉತ್ತರ: ಈ ನಡೆಗಳ ಸರಣಿಯ ವಿಚಾರ 2012ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡ್ ಅವರೊಡನೆ ನಡೆದ ವಿಶ್ವ ಚಾಂಪಿಯನ್‌ಷಿಪ್ ಹಣಾಹಣಿಗಾಗಿ ನಡೆಸಿದ ಸಿದ್ಧತೆಯಿಂದ ಬಂದದ್ದು ಎಂದು ಆನಂದ್ ಅವರೇ ಹೇಳಿದ್ದಾರೆ. ಆ ಹಣಾಹಣಿಯಲ್ಲಿ ಅದನ್ನು ಬಳಸುವ ಅವಕಾಶ ಬರಲಿಲ್ಲ. ತಿಂಗಳುಗಳ ನಂತರ, ಬೇರೆ ಎದುರಾಳಿಯ ಮುಂದೆ, ಗಡಿಯಾರ ಓಡುತ್ತಿರುವಾಗ ಅದನ್ನು ನೆನಪಿನಿಂದ ಮೇಲೆತ್ತುವುದು ಬರಿಯ ಬಾಯಿಪಾಠದಿಂದ ಆಗುವ ಕೆಲಸವಲ್ಲ. ಸಂಗೀತಗಾರರು ರಾಗದ ಸಂಚಾರಗಳನ್ನು ವರ್ಷಗಟ್ಟಲೆ ಸಾಧನೆ ಮಾಡಿ ಕಚೇರಿಯಲ್ಲಿ ಹಾಡಿದಾಗ ಅದನ್ನು ಯಾರೂ ಅಪ್ರಾಮಾಣಿಕವೆಂದು ತಿಳಿಯುವುದಿಲ್ಲ. ಗ್ರ್ಯಾಂಡ್‌ಮಾಸ್ಟರ್‌ಗಳ ಸಿದ್ಧತೆಯನ್ನೂ ಅದೇ ಗೌರವದಿಂದ ಕಾಣಬೇಕೆಂಬುದು ನನ್ನ ನಂಬಿಕೆ. ಸಿದ್ಧತೆ ಎಂಬುದು ಅರೋನಿಯನ್ ಅವರ ಕಡೆಯಲ್ಲೂ ಇರುತ್ತದೆ ಎಂಬುದನ್ನು ಮರೆಯಬಾರದು. ಇಬ್ಬರೂ ಹನ್ನೆರಡನೆಯ ನಡೆಯವರೆಗೆ ತಿಳಿದ ನೆಲದ ಮೇಲೆ ನಡೆದು ಬಂದವರು. ಯಾರ ತಿಳಿವಳಿಕೆ ಹೆಚ್ಚು ಆಳವಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಪ್ರಶ್ನೆ: ರೂಬಿನ್‌ಸ್ಟೈನ್ ಅವರ ಹಳೆಯ ಆಟವೊಂದಕ್ಕೂ ಇದಕ್ಕೂ ಹೋಲಿಕೆ ಇದೆಯೆಂದು ಕೇಳಿದ್ದೇನೆ. ಅದು ನಿಜವೇ? (ಧಾರವಾಡ)

ಉತ್ತರ: ನಿಜ, ಮತ್ತು ಆ ಹೋಲಿಕೆಯನ್ನು ಆಟ ಮುಗಿದ ಮೇಲೆ ಸ್ವತಃ ಆನಂದ್ ಅವರೇ ನೆನಪಿಸಿಕೊಂಡರು. 1907ರಲ್ಲಿ ಪೋಲೆಂಡಿನ ವುಚ್ ನಗರದಲ್ಲಿ ಅಕಿಬಾ ರೂಬಿನ್‌ಸ್ಟೈನ್ ಅವರು ರೊಟ್ಲೆವಿ ಎಂಬ ಆಟಗಾರರ ವಿರುದ್ಧ ಕಪ್ಪು ಕಾಯಿಗಳಿಂದ ಆಡಿದ ಆಟ ಅದು. ಅಲ್ಲಿಯೂ ಬಿಳಿ ಎಫ್ ಸಾಲಿನ ಕಾಲಾಳನ್ನು ನಾಲ್ಕನೆಯ ಮನೆಗೆ ತಳ್ಳಿತ್ತು, ಅಲ್ಲಿಯೂ ಬಿಳಿ ರಾಜ ಚೆಕ್‌ಗೆ ಹೆದರಿ ಎಚ್1ಕ್ಕೆ ಸರಿದಿತ್ತು, ಕಪ್ಪು ಕುದುರೆ ಜಿ4ರಲ್ಲಿ ನಿಂತಿತ್ತು, ಒಂಟೆಗಳು ಬಿ6 ಮತ್ತು ಬಿ7ರಿಂದ ಅದೇ ಎರಡು ಕರ್ಣಗಳ ಮೇಲೆ ಕಾದಿದ್ದವು. ಇಪ್ಪತ್ತೆರಡನೆಯ ನಡೆಯಲ್ಲಿ ಬಿಳಿ ಜಿ3 ಆಡಿ ಎಚ್4ರಲ್ಲಿದ್ದ ರಾಣಿಯನ್ನು ಬೆದರಿಸಿದಾಗ ರೂಬಿನ್‌ಸ್ಟೈನ್ ರಾಣಿಯನ್ನು ಅಲ್ಲಿಯೇ ಬಿಟ್ಟು ಸಿ8ರ ಆನೆಯಿಂದ ಸಿ3ರ ಕುದುರೆಯನ್ನು ಹೊಡೆದರು. ರಾಣಿಯನ್ನು ಬಿಳಿ ಹೊಡೆದ ಮೇಲೆ ಇನ್ನೊಂದು ಆನೆಯನ್ನು ಡಿ2ಕ್ಕೆ ತಂದು ಬಿಳಿ ರಾಣಿಯ ಬಾಯಿಗೆ ಇಟ್ಟರು. ಆ ರಾಣಿ ಡಿ2ಕ್ಕೆ ಸೆಳೆಯಲ್ಪಟ್ಟ ಕ್ಷಣದಲ್ಲಿ ಇ4ರ ಒಂಟೆ ಕಾವಲಿಲ್ಲದೆ ಉಳಿಯಿತು, ಬಿ7ರ ಒಂಟೆ ಅದನ್ನು ಹೊಡೆದು ಚೆಕ್ ಕೊಟ್ಟಿತು, ಬಿಳಿ ರಾಣಿ ಜಿ2ಕ್ಕೆ ಬಂದು ಅಡ್ಡ ನಿಂತರೂ ಕಟ್ಟುಬಿದ್ದು ಅಲುಗಾಡದಂತಾಯಿತು. ಆಮೇಲೆ ಸಿ3ರ ಆನೆ ಎಚ್3ಕ್ಕೆ ಸರಿಯಿತು. ಎಚ್2ರಲ್ಲಿ ಬರುವ ಮೇಟನ್ನು ತಡೆಯಲು ಯಾವ ದಾರಿಯೂ ಇರಲಿಲ್ಲ. ಇಪ್ಪತ್ತೈದನೆಯ ನಡೆಗೆ ಆಟ ಮುಗಿಯಿತು.

ಇನ್ನೊಂದು ಹೋಲಿಕೆ ಬಹಳ ಜನರ ಗಮನಕ್ಕೆ ಬರುವುದಿಲ್ಲ, ಅದನ್ನು ಹೇಳಲು ಈ ಪ್ರಶ್ನೆ ಅವಕಾಶ ಮಾಡಿಕೊಟ್ಟದ್ದು ನನಗೆ ಸಂತೋಷ. ಆನಂದ್ ಆಡಿದ ಆರಂಭಕ್ಕೆ, ಅಂದರೆ ಸಿ4ರ ಕಾಲಾಳನ್ನು ಹೊಡೆದು ಒಡನೆಯೇ ಬಿ5 ತಳ್ಳುವ ಪದ್ಧತಿಗೆ, ಮೆರಾನ್ ಎಂದು ಹೆಸರು. ಇಟಲಿಯ ಮೆರಾನೊ ಪಟ್ಟಣದಲ್ಲಿ 1924ರಲ್ಲಿ ನಡೆದ ಪಂದ್ಯಾವಳಿಯಲ್ಲಿ ಗ್ರೂನ್‌ಫೆಲ್ಡ್ ಅವರ ವಿರುದ್ಧ ಈ ಪದ್ಧತಿಯನ್ನು ಆಡಿ ಗೆದ್ದವರು ಅದೇ ರೂಬಿನ್‌ಸ್ಟೈನ್. ಆ ಊರಿನ ಹೆಸರೇ ಪದ್ಧತಿಗೆ ಅಂಟಿಕೊಂಡಿತು. ಸಿ4ರಲ್ಲಿ ಕಾಲಾಳನ್ನು ಬಿಟ್ಟು ಬಿಳಿ ಒಂಟೆಯನ್ನು ಎರಡು ಸಲ ನಡೆಸುವುದು, ಬಿ5ರಿಂದ ಬಿ7ರ ಮನೆಯನ್ನು ಒಂಟೆಗೆ ಒದಗಿಸುವುದು, ತಕ್ಕ ಸಮಯ ಕಾದು ಸಿ5 ತಳ್ಳಿ ಉದ್ದ ಕರ್ಣವನ್ನು ತೆರೆಯುವುದು, ಇದೇ ಆ ಪದ್ಧತಿಯ ಒಳಗುಟ್ಟು. 1907ರ ಆಟದಲ್ಲೂ ಹನ್ನೊಂದು ಮತ್ತು ಹನ್ನೆರಡನೆಯ ನಡೆಗಳಲ್ಲಿ ಕಪ್ಪು ಸಿ4ನ್ನು ಹೊಡೆದು ಬಿ5 ಆಡಿದ್ದನ್ನು ನೋಡಿದರೆ, ಹದಿನೇಳು ವರ್ಷಗಳ ನಂತರ ಮೆರಾನೊದಲ್ಲಿ ಕಂಡದ್ದರ ಬೀಜ ಅಲ್ಲಿಯೇ ಇತ್ತೆಂದು ನನಗೆ ಅನಿಸುತ್ತದೆ. ವಿಶ್ವ ಪಟ್ಟಕ್ಕಾಗಿ ಆಡುವ ಅವಕಾಶ ರೂಬಿನ್‌ಸ್ಟೈನ್ ಅವರಿಗೆ ಎಂದೂ ಒದಗಲಿಲ್ಲ; ಅವರ ಒಂಟೆಗಳು ತೆರೆದ ದಾರಿಯಲ್ಲಿ ಒಬ್ಬ ವಿಶ್ವ ಚಾಂಪಿಯನ್ ನೂರಕ್ಕೂ ಹೆಚ್ಚು ವರ್ಷಗಳಾಚೆ ನಡೆದು ಗೆದ್ದರು.

ಪ್ರಶ್ನೆ: ನನ್ನ ಮಗಳು ಶಾಲಾ ಪಂದ್ಯಗಳಲ್ಲಿ ಆಡುತ್ತಾಳೆ. ಈ ಆಟವನ್ನು ಅವಳು ಕಂಪ್ಯೂಟರ್‌ನಲ್ಲಿ ನೋಡಿದರೆ ಸಾಕೇ? (ಮೈಸೂರು)

ಉತ್ತರ: ಮೊದಲು ಮರದ ಮಣೆಯ ಮೇಲೆ ಕಾಯಿಗಳನ್ನು ಜೋಡಿಸಿ ಹನ್ನೊಂದನೆಯ ನಡೆಯವರೆಗೆ ಆಡಿ ನಿಲ್ಲಿಸಿ, ಮುಂದಿನ ನಡೆಗಳನ್ನು ಕಾಗದದಿಂದ ಮುಚ್ಚಿಡಿ. ಅಲ್ಲಿಂದ ಕಪ್ಪಿನ ಪ್ರತಿ ನಡೆಗೂ ಅವಳು ಹತ್ತು ನಿಮಿಷ ಯೋಚಿಸಿ ತನ್ನ ಉತ್ತರವನ್ನು ಕಾರಣದೊಡನೆ ಬರೆಯಲಿ. ಹದಿನೈದನೆಯ ನಡೆಯಲ್ಲಿ ಒಂಟೆ ಡಿ6ರಿಂದ ಸಿ5ಕ್ಕೆ ಏಕೆ ಹೋಗಬೇಕು ಎಂಬುದಕ್ಕೆ ಅವಳಿಗೆ ಒಂದು ವಾಕ್ಯದ ಕಾರಣ ಸಿಗುವವರೆಗೂ ಮುಂದಕ್ಕೆ ಹೋಗುವುದು ಬೇಡ. ಕಂಪ್ಯೂಟರನ್ನು ಆಮೇಲೆ, ತನ್ನ ಬರಹದ ತಪ್ಪುಗಳನ್ನು ತಿದ್ದಿಕೊಳ್ಳುವುದಕ್ಕೆ ಮಾತ್ರ ತೆರೆಯಲಿ.

ಪ್ರಶ್ನೆ: ಕೊನೆಯ ಸ್ಥಿತಿಯಲ್ಲಿ ಬಿಳಿಗೆ ಮೇಟ್ ಆಗಿಲ್ಲ, ರಾಣಿ ಇನ್ನೂ ಮಣೆಯ ಮೇಲಿದೆ. ಅರೋನಿಯನ್ ಅಷ್ಟು ಬೇಗ ಬಿಟ್ಟುಕೊಟ್ಟದ್ದೇಕೆ? (ಉಡುಪಿ)

ಉತ್ತರ: ಇಪ್ಪತ್ತಮೂರನೆಯ ನಡೆಯಲ್ಲಿ ಬಿಳಿ ರಾಣಿ ಡಿ3ಕ್ಕೆ ಬಂದದ್ದು ಎರಡು ಕೆಲಸಗಳಿಗಾಗಿ: ಮೂರನೆಯ ಅಡ್ಡಸಾಲಿನ ಉದ್ದಕ್ಕೂ ಎಚ್3ನ್ನು ಕಾಯಲು, ಡಿ4ರ ಒಂಟೆಯನ್ನು ಬೆದರಿಸಲು. ಆ ಒಂಟೆ ಇ3ಕ್ಕೆ ಬಂದಾಗ ಎರಡೂ ಕೆಲಸಗಳು ಕೆಟ್ಟವು. ರಾಣಿ ಮತ್ತು ಎಚ್3ರ ನಡುವೆ ಒಂಟೆ ಅಡ್ಡ ನಿಂತಿದೆ, ಮುಂದಿನ ನಡೆಯಲ್ಲಿ ಕಪ್ಪು ರಾಣಿ ಎಚ್3ನ್ನು ಹೊಡೆದರೆ ಮೇಟ್. ಜಿ2ರ ಕಾಲಾಳು ಕಟ್ಟುಬಿದ್ದಿರುವುದರಿಂದ ಅದು ಮರಳಿ ಹೊಡೆಯುವಂತಿಲ್ಲ. ಜಿ4ರ ಕುದುರೆಯನ್ನು ಎಚ್3ರ ಕಾಲಾಳು ಹೊಡೆಯಲೂ ಆಗದು, ಏಕೆಂದರೆ ಎಚ್5ರ ರಾಣಿಯ ಎದುರು ಅದು ತನ್ನ ರಾಜನಿಗೆ ಅಡ್ಡವಾಗಿ ನಿಂತಿದೆ. ಸಿ1ರ ಒಂಟೆ ಇ3ನ್ನು ಹೊಡೆದರೆ ರಾಣಿ ಎಚ್3ರಲ್ಲಿ ಚೆಕ್, ರಾಜ ಜಿ1ಕ್ಕೆ ಸರಿದರೆ ಜಿ2ರಲ್ಲಿ ಮೇಟ್. ಬಿಳಿ ರಾಣಿಯೇ ಇ3ನ್ನು ಹೊಡೆದರೆ ಕುದುರೆ ರಾಣಿಯನ್ನು ಹೊಡೆಯುತ್ತದೆ, ಒಂಟೆ ಕುದುರೆಯನ್ನು ಹೊಡೆದರೂ ಅದೇ ಮೇಟ್ ಬರುತ್ತದೆ.

ಉಳಿದ ಒಂದು ಆಸೆ ಆನೆಯನ್ನು ಎಫ್3ಕ್ಕೆ ತಂದು ಉದ್ದ ಕರ್ಣವನ್ನು ಮುಚ್ಚುವುದು. ಆಗ ಕುದುರೆ ಎಫ್2ಕ್ಕೆ ನೆಗೆದು ರಾಜನಿಗೆ ಚೆಕ್ ಕೊಟ್ಟು ರಾಣಿಯನ್ನೂ ಹಿಡಿಯುತ್ತದೆ. ಆ ಕುದುರೆಯನ್ನು ಆನೆ ಹೊಡೆದರೆ ಕರ್ಣ ಮತ್ತೆ ತೆರೆಯುತ್ತದೆ, ರಾಣಿ ಎಚ್3ನ್ನು ಹೊಡೆಯುತ್ತದೆ, ರಾಜ ಜಿ1ಕ್ಕೆ ಹೋಗುತ್ತಾನೆ, ರಾಣಿ ಜಿ2ನ್ನು ಹೊಡೆಯುತ್ತದೆ. ಎಫ್2ರ ಆನೆ ಪಕ್ಕದಲ್ಲೇ ಇದ್ದರೂ ಆ ರಾಣಿಯನ್ನು ಮುಟ್ಟಲಾರದು: ಅದು ಕದಲಿದರೆ ಇ3ರ ಒಂಟೆಗೆ ರಾಜ ಸಿಕ್ಕುತ್ತಾನೆ. ರಾಜ ತಾನೇ ಹೊಡೆಯೋಣವೆಂದರೆ ಬಿ7ರ ಒಂಟೆ ಜಿ2ನ್ನು ಕಾಯುತ್ತಿದೆ.